ಡೇಟಾಬೇಸಿನ ಮೆಮೊರಿ: ಅಂಕಿಯೂ ಅದರ ಹಿಂದಿನ ಕಾರಣವೂ

ದಾಖಲೆಗಳ ರಕ್ಷಣೆಯಲ್ಲಿ ಗೋವೆಯ ಪರಂಪರೆ ದೀರ್ಘವಾದುದು. 1595ರಲ್ಲಿ ಇತಿಹಾಸಕಾರನಾದ ದಿಯೊಗೊ ದೊ ಕೌಟೊನನ್ನು ಪಾಲಕನನ್ನಾಗಿ ನಿಯಮಿಸಿ ಪೋರ್ಚುಗೀಸರು ಆರಂಭಿಸಿದ ಪತ್ರಾಗಾರವು ಇಂದು ಪಣಜಿಯಲ್ಲಿದ್ದು, ಶತಮಾನಗಳ ಕಾಗದಪತ್ರಗಳನ್ನು ಸಂಶೋಧಕರಿಗೆ ಒದಗಿಸುತ್ತಿದೆ. ನಮ್ಮ ಪಹಣಿಗೆ ಸಮಾನವಾದ ಗೋವೆಯ ಒಂದು ಮತ್ತು ಹದಿನಾಲ್ಕನೆಯ ನಮೂನೆಯಾದರೋ ಈಗ ಗಣಕಯಂತ್ರದಿಂದಲೇ ಮುದ್ರಿತವಾಗಿ ಬರುತ್ತದೆ. ದಾಖಲೆಗಳು ಕಾಗದದಿಂದ ಡಿಸ್ಕಿಗೆ ಬಂದರೂ ಮೂಲದ ಸಮಸ್ಯೆ ಹಾಗೆಯೇ ಉಳಿದಿದೆ. ಪತ್ರಾಗಾರದ ವಾಚನಾಲಯದಲ್ಲಿ ಮೇಜು ಚಿಕ್ಕದು, ಒಳಗಿನ ಕಪಾಟುಗಳ ಸಾಲು ದೊಡ್ಡದು. ಯಾವ ಕಟ್ಟು ಮೇಜಿನ ಮೇಲಿರಬೇಕು, ಯಾವುದು ಕಪಾಟಿಗೆ ಮರಳಬೇಕು ಎಂಬ ನಿರ್ಣಯವನ್ನು ಅವಲಂಬಿಸಿಯೇ ಓದುಗನ ದಿನ ಸಾರ್ಥಕವೋ ವ್ಯರ್ಥವೋ ಆಗುತ್ತದೆ. ಗಣಕದಲ್ಲಿ ಮೇಜಿನ ಸ್ಥಾನ ಮೆಮೊರಿಗೆ, ಕಪಾಟಿನ ಸ್ಥಾನ ಡಿಸ್ಕಿಗೆ. ಈ ನಿರ್ಣಯವನ್ನು ಯಾರು, ಯಾವ ಆಧಾರದ ಮೇಲೆ ಮಾಡತಕ್ಕದ್ದೆಂಬ ಪ್ರಶ್ನೆಗೆ ಸುಮಾರು ಅರುವತ್ತು ವರ್ಷಗಳಲ್ಲಿ ದೊರೆತ ಉತ್ತರಗಳನ್ನು ಪರಾಮರ್ಶಿಸುವುದು ಈ ಲೇಖನದ ಉದ್ದೇಶ.

1962ರಲ್ಲಿ ಮ್ಯಾಂಚೆಸ್ಟರಿನ ಅಟ್ಲಾಸ್ ಯಂತ್ರವು, ಚಿಕ್ಕ ಮೆಮೊರಿಯನ್ನೇ ದೊಡ್ಡದೆಂಬಂತೆ ತೋರಿಸುವ ವರ್ಚುಅಲ್ ಮೆಮೊರಿಯನ್ನು ಬಳಕೆಗೆ ತಂದಿತು. ಪುಟಗಳೆಂಬ ತುಂಡುಗಳನ್ನು ಮೆಮೊರಿಗೆ ತರುವುದು, ಹಿಂದಕ್ಕೆ ಕಳುಹಿಸುವುದು ಇವುಗಳಲ್ಲಿಯೇ ಯಂತ್ರದ ಸಮಯವೆಲ್ಲ ಸವೆದು ನಿಜವಾದ ಕೆಲಸ ನಿಂತುಹೋಗುವ ದುರವಸ್ಥೆಯನ್ನು 1968ರಲ್ಲಿ ಪೀಟರ್ ಡೆನಿಂಗ್ ವಿಶ್ಲೇಷಿಸಿ, ಪ್ರತಿಯೊಂದು ಪ್ರೋಗ್ರಾಮಿಗೂ ಆಯಾ ಕಾಲಕ್ಕೆ ಅವಶ್ಯವಾದ ಪುಟಗಳ ಸಮೂಹವೊಂದಿದೆಯೆಂದೂ ಅದಕ್ಕೆ ಸ್ಥಳವಿಲ್ಲದಿದ್ದರೆ ಅನರ್ಥ ತಪ್ಪದೆಂದೂ ತೋರಿಸಿದನು. 1970ರಲ್ಲಿ ಎಡ್ಗರ್ ಕಾಡ್ ಮಂಡಿಸಿದ ರಿಲೇಷನಲ್ ಸಿದ್ಧಾಂತದ ಆಧಾರದಿಂದ ಡೇಟಾಬೇಸುಗಳು ರೂಪುಗೊಂಡಾಗ ಇದೇ ಸಮಸ್ಯೆ ಹೊಸ ಆಕಾರ ತಾಳಿತು. ಬರ್ಕ್ಲಿಯಲ್ಲಿ ಇಂಗ್ರೆಸ್ ಡೇಟಾಬೇಸನ್ನು ನಿರ್ಮಿಸಿದವರಲ್ಲಿ ಪ್ರಮುಖನಾದ ಮೈಕೆಲ್ ಸ್ಟೋನ್‌ಬ್ರೇಕರ್ 1981ರ ಪ್ರಬಂಧದಲ್ಲಿ, ಮುಂದೆ ಯಾವ ಪುಟ ಬೇಕಾಗುವುದೆಂಬುದು ಆಪರೇಟಿಂಗ್ ಸಿಸ್ಟಮ್ಮಿಗಿಂತ ಡೇಟಾಬೇಸಿಗೇ ಚೆನ್ನಾಗಿ ತಿಳಿದಿರುವುದರಿಂದ ಪುಟಗಳನ್ನು ಮೆಮೊರಿಯಲ್ಲಿರಿಸುವ ಬಫರುಗಳ ಆಡಳಿತ ಡೇಟಾಬೇಸಿನ ಕೈಯಲ್ಲಿಯೇ ಇರತಕ್ಕದ್ದೆಂದು ವಾದಿಸಿದನು.

ಮೆಮೊರಿ ಎಷ್ಟಿರಬೇಕೆಂಬುದಕ್ಕೆ ಆರ್ಥಿಕ ಸಮಾಧಾನ ಕೊಟ್ಟವರು ಜಿಮ್ ಗ್ರೇ ಮತ್ತು ಫ್ರಾಂಕೊ ಪುಟ್ಜೊಲು. ಡಿಸ್ಕಿನಿಂದ ಪುಟವನ್ನು ಮತ್ತೆ ಮತ್ತೆ ತರುವ ವೆಚ್ಚವನ್ನೂ ಅದನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ವೆಚ್ಚವನ್ನೂ ತೂಗಿ, ಐದು ನಿಮಿಷಕ್ಕೊಮ್ಮೆಯಾದರೂ ಬೇಕಾಗುವ ಪುಟವು ಮೆಮೊರಿಯಲ್ಲಿಯೇ ಇರಲೆಂಬ ಸೂತ್ರವನ್ನು ಅವರು 1987ರಲ್ಲಿ ಪ್ರಕಟಿಸಿದರು. ಯಾವ ಪುಟವನ್ನು ಹೊರಹಾಕಬೇಕೆಂಬ ಪ್ರಶ್ನೆ ಇದಕ್ಕಿಂತ ಜಟಿಲವಾದುದು. ಬಹುಕಾಲದಿಂದ ಬಳಕೆಯಾಗದ ಪುಟವನ್ನು ತೆಗೆಯುವ ಸರಳ ನಿಯಮವು, ಇಡೀ ಕೋಷ್ಟಕವನ್ನು ಒಮ್ಮೆ ಮಾತ್ರ ಓದುವ ವರದಿಯೊಂದು ಬಂದೊಡನೆ ಕುಸಿಯುತ್ತದೆ. 67 ಲಕ್ಷ ಭೂಮಾಲಕರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ತಂದ ಕರ್ನಾಟಕದ ‘ಭೂಮಿ’ಯಂತಹ ಭಂಡಾರವನ್ನು ಊಹಿಸಿರಿ: ದಿನವೆಲ್ಲ ಬೇಕಾಗುವ ಪುಟಗಳನ್ನು ಒಂದೇ ಬಾರಿ ಬೇಕಾಗುವ ಪುಟಗಳು ಹೊರದಬ್ಬಿದರೆ, ಕಿಟಕಿಯ ಮುಂದೆ ಸರದಿಯಲ್ಲಿ ನಿಂತ ರೈತನೇ ಕಾಯಬೇಕಾಗುತ್ತದೆ.

ಇದರ ಪರಿಹಾರಕ್ಕಾಗಿ 1993ರಲ್ಲಿ ಎಲ್‌ಆರ್‌ಯು-ಕೆ, 1994ರಲ್ಲಿ ಟೂ-ಕ್ಯೂ, 2003ರಲ್ಲಿ ಐಬಿಎಮ್ಮಿನ ನಿಮ್ರೋದ್ ಮೆಗಿದ್ದೊ ಮತ್ತು ಧರ್ಮೇಂದ್ರ ಮೋಧಾ ಅವರ ಎಆರ್‌ಸಿ ಎಂಬ ವಿಧಾನಗಳು ಬಂದುವು. ಕೊನೆಯದನ್ನು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸು ತನ್ನ 2005ರ ಜನವರಿಯ 8.0 ಆವೃತ್ತಿಯಲ್ಲಿ ಅಳವಡಿಸಿಕೊಂಡಿತಾದರೂ, ಪೇಟೆಂಟಿನ ಆತಂಕದಿಂದ ಕೆಲವೇ ತಿಂಗಳುಗಳಲ್ಲಿ ಅದನ್ನು ತ್ಯಜಿಸಿ ಟೂ-ಕ್ಯೂವನ್ನೂ, ಅದೇ ವರ್ಷದ 8.1ರಲ್ಲಿ ಗಡಿಯಾರದ ಮುಳ್ಳಿನಂತೆ ಸುತ್ತಿ ಪುಟಗಳನ್ನು ಪರೀಕ್ಷಿಸುವ ಕ್ಲಾಕ್ ಸ್ವೀಪನ್ನೂ ಸ್ವೀಕರಿಸಿತು.

ಯಾವುದಕ್ಕೆ ಎಷ್ಟು ಮೆಮೊರಿಯೆಂಬ ಅಂಕಿಗಳ ಭಾರವನ್ನು ಮನುಷ್ಯನಿಂದ ಇಳಿಸುವ ಯತ್ನವೂ ಜೊತೆಯಲ್ಲಿಯೇ ಸಾಗಿತು. ಒರ‍್ಯಾಕಲ್ ಡೇಟಾಬೇಸು ತನ್ನ 9ಐ, 10ಜಿ, 11ಜಿ ಆವೃತ್ತಿಗಳಲ್ಲಿ ಹಂತಹಂತವಾಗಿ ಮೆಮೊರಿಯ ಹಂಚಿಕೆಯನ್ನು ಯಂತ್ರಕ್ಕೇ ಒಪ್ಪಿಸಿತು. 2006ರಲ್ಲಿ ಡಿಬಿ2 ಡೇಟಾಬೇಸು ಸ್ವಯಂ ಹೊಂದಿಕೊಳ್ಳುವ ವ್ಯವಸ್ಥೆಯನ್ನು ತಂದಿತು. 2017ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆಟರ್‌ಟ್ಯೂನ್ ಯಂತ್ರಕಲಿಕೆಯಿಂದ ಸೆಟ್ಟಿಂಗುಗಳನ್ನು ಆರಿಸಿತು. ಇಷ್ಟಾದರೂ ಡೇಟಾಬೇಸಿನ ಕೈಪಿಡಿಯ ಅಧ್ಯಯನ ಅನವಶ್ಯಕವಾಗಲಿಲ್ಲ. ಏಕೆಂಬುದನ್ನು ಎರಡು ಅಂಕಿಗಳಿಂದ ಗ್ರಹಿಸಬಹುದು. ಡೇಟಾಬೇಸಿಗೇ ಮೀಸಲಾದ ಸರ್ವರಿನಲ್ಲಿ ಷೇರ್ಡ್ ಬಫರ್ಸ್ ಎಂಬ ಸೆಟ್ಟಿಂಗಿಗೆ ಮೆಮೊರಿಯ ಶೇಕಡಾ 25ರಿಂದ ಪ್ರಾರಂಭಿಸಿರೆಂದು ಪೋಸ್ಟ್‌ಗ್ರೆಸ್ಸಿನ ಕೈಪಿಡಿ ಹೇಳಿದರೆ, ದತ್ತಾಂಶವನ್ನು ಸಂಗ್ರಹಿಸುವ ಇನ್ನೊಡಿಬಿ ಎಂಬ ಎಂಜಿನ್ನಿನ ಬಫರ್ ಪೂಲಿಗೆ ಶೇಕಡಾ 80ರವರೆಗೆ ಕೊಡುವುದುಂಟೆಂದು ಮೈಎಸ್‌ಕ್ಯೂಎಲ್ಲಿನ ಕೈಪಿಡಿ ಹೇಳುತ್ತದೆ. ಅಂಕಿಯನ್ನು ಮಾತ್ರ ನಕಲುಮಾಡುವವನಿಗೆ ಇದು ವಿರೋಧವೆಂದು ತೋರುವುದು. ಕೈಪಿಡಿಗಳನ್ನು ಮುಂದೆಯೂ ಓದಿದವನಿಗೆ, ಪೋಸ್ಟ್‌ಗ್ರೆಸ್ ಆಪರೇಟಿಂಗ್ ಸಿಸ್ಟಮ್ಮಿನ ಕ್ಯಾಶನ್ನೂ ಅವಲಂಬಿಸಿರುವುದರಿಂದ ಅದಕ್ಕೆ ಸ್ಥಳ ಬಿಡಬೇಕೆಂದೂ, ಆ ಕ್ಯಾಶನ್ನು ದಾಟಿ ನೇರವಾಗಿ ಡಿಸ್ಕಿನೊಡನೆ ವ್ಯವಹರಿಸಬಲ್ಲ ಇನ್ನೊಡಿಬಿಗೆ ಆ ನಿರ್ಬಂಧವಿಲ್ಲವೆಂದೂ ವೇದ್ಯವಾಗುತ್ತದೆ. ಸ್ಟೋನ್‌ಬ್ರೇಕರ್ 1981ರಲ್ಲಿ ಎತ್ತಿದ ಪ್ರಶ್ನೆಯ ಎರಡು ಭಿನ್ನ ಉತ್ತರಗಳು ಈ ಎರಡು ಅಂಕಿಗಳಲ್ಲಿ ಅಡಗಿವೆ. ಮೂಲತಃ ಇಂಗ್ರೆಸ್ಸಿನ ಉತ್ತರಾಧಿಕಾರಿಯಾಗಿ ಆತನೇ ಆರಂಭಿಸಿದ ಪೋಸ್ಟ್‌ಗ್ರೆಸ್ಸೇ ಆಪರೇಟಿಂಗ್ ಸಿಸ್ಟಮ್ಮಿನೊಡನೆ ಹೊಂದಿಕೊಂಡು ನಡೆಯುತ್ತಿರುವುದು ಗಮನಾರ್ಹ.

ಪೋಸ್ಟ್‌ಗ್ರೆಸ್ಸಿನ ಇನ್ನೊಂದು ಸೆಟ್ಟಿಂಗಾದ ವರ್ಕ್ ಮೆಮ್ ಇದಕ್ಕಿಂತಲೂ ಸೂಕ್ಷ್ಮವಾದುದು. ವಿಂಗಡಣೆಯಂತಹ ಕಾರ್ಯವು ಡಿಸ್ಕಿನ ಮೊರೆಹೋಗುವ ಮುನ್ನ ಬಳಸಬಹುದಾದ ಮೆಮೊರಿಯಿದು. ಡೀಫಾಲ್ಟ್ 4 ಎಂಬಿ. ಈ ಮಿತಿ ಒಂದೊಂದು ಕಾರ್ಯಕ್ಕೂ ಪ್ರತ್ಯೇಕವಾಗಿ ಅನ್ವಯಿಸುವುದೆಂದು ಕೈಪಿಡಿ ಸ್ಪಷ್ಟವಾಗಿ ಎಚ್ಚರಿಸುತ್ತದೆ. 16 ಜಿಬಿಯ ಸರ್ವರಿನಲ್ಲಿ ಬಫರುಗಳಿಗೆ 4 ಜಿಬಿ ಕೊಟ್ಟು ವರ್ಕ್ ಮೆಮ್ಮನ್ನು 64 ಎಂಬಿಗೆ ಏರಿಸಿದೆವೆನ್ನೋಣ. 100 ಕನೆಕ್ಷನ್ನುಗಳಲ್ಲಿ ಒಂದೊಂದೂ ಏಕಕಾಲದಲ್ಲಿ ಎರಡೆರಡು ವಿಂಗಡಣೆ ನಡೆಸಿ ಮಿತಿಯವರೆಗೂ ಬಳಸಿದರೆ 12.5 ಜಿಬಿ ಬೇಕಾಗಿ, ಒಟ್ಟು 16.5 ಜಿಬಿಯಾಗಿ ಯಂತ್ರದ ಶಕ್ತಿಯನ್ನು ಮೀರುತ್ತದೆ. ಆಗ ಲಿನಕ್ಸ್ ಮೆಮೊರಿಯನ್ನು ಬಿಡಿಸಿಕೊಳ್ಳಲು ಡೇಟಾಬೇಸಿನ ಪ್ರೋಸೆಸ್ಸನ್ನೇ ಕೊನೆಗಾಣಿಸಬಹುದು. ತದ್ವಿರುದ್ಧವಾಗಿ, ಎಕ್ಸ್‌ಪ್ಲೇನ್ ಅನಲೈಜ್ ಎಂಬ ಆಜ್ಞೆಯ ಉತ್ತರದಲ್ಲಿ ವಿಂಗಡಣೆ ಡಿಸ್ಕಿನಲ್ಲಿ ನಡೆದುದಾಗಿ ಕಂಡುಬಂದರೆ, ಆ ಒಂದು ವರದಿಯ ಸೆಷನ್ನಿಗೆ ಮಾತ್ರ ಮಿತಿಯನ್ನು ಏರಿಸುವುದು ಯುಕ್ತ.

ಕೈಪಿಡಿಯಿಂದ ಕಲಿಯುವ ಮಾರ್ಗವು ಆದುದರಿಂದ ಓದು ಮತ್ತು ಮಾಪನ ಇವೆರಡನ್ನೂ ಕೂಡಿಕೊಂಡದ್ದು. ಓದುತ್ತಿರುವ ಕೈಪಿಡಿ ನಮ್ಮ ಆವೃತ್ತಿಯದೇ ಎಂದು ಮೊದಲು ನಿಶ್ಚಯಿಸಿಕೊಳ್ಳಬೇಕು. ಅನಂತರ ಪಿಜಿ ಸೆಟ್ಟಿಂಗ್ಸ್ ಎಂಬ ಕೋಷ್ಟಕದಲ್ಲಿ ಪ್ರಕೃತ ಬೆಲೆಯನ್ನು ನೋಡಬೇಕು. ಅಲ್ಲಿ ಷೇರ್ಡ್ ಬಫರ್ಸ್ 16384 ಎಂದಿದ್ದು, ಪಕ್ಕದ ಅಂಕಣದಲ್ಲಿ ಏಕಮಾನ 8 ಕೆಬಿ ಎಂದಿದ್ದರೆ, ಅದು 128 ಎಂಬಿ ಎಂದರ್ಥ. ಬದಲಾವಣೆಗೆ ಸರ್ವರನ್ನು ಮತ್ತೆ ಆರಂಭಿಸಬೇಕೇ ಎಂಬುದೂ ಅಲ್ಲಿಯೇ ತಿಳಿಯುತ್ತದೆ. ಒಮ್ಮೆಗೆ ಒಂದನ್ನೇ ಬದಲಾಯಿಸಿ, ಮುನ್ನವೂ ಅನಂತರವೂ ಅಳೆದು, ಕಾರಣವನ್ನು ಕಾನ್ಫಿಗ್ ಫೈಲಿನಲ್ಲಿ ಆ ಅಂಕಿಯ ಮಗ್ಗುಲಲ್ಲಿಯೇ ಬರೆದಿಡತಕ್ಕದ್ದು. ಪಣಜಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಸರಕಾರಿ ಕಛೇರಿಯ ಅಧಿಕಾರಿಗೆ ವರ್ಗವಾಗುತ್ತದೆ, ಸರ್ವರು ಮಾತ್ರ ಅಲ್ಲಿಯೇ ಉಳಿಯುತ್ತದೆ. ಕಾರಣ ತಿಳಿಯದ ಅಂಕಿಯನ್ನು ಮುಂದೆ ಬಂದವನು ಮುಟ್ಟಲಂಜುವನು, ಇಲ್ಲವೆ ವಿವೇಚನೆಯಿಲ್ಲದೆ ಅಳಿಸುವನು. ಪೋಸ್ಟ್‌ಗ್ರೆಸ್ಸಿನ ಕೈಪಿಡಿಯನ್ನು ಜಪಾನೀಯರೂ ಫ್ರೆಂಚರೂ ತಮ್ಮ ಭಾಷೆಗಳಿಗೆ ಶ್ರಮವಹಿಸಿ ತಂದುಕೊಂಡಿದ್ದಾರೆ. ಕನ್ನಡದ ಎಂಜಿನಿಯರುಗಳು ತಮ್ಮ ಸರ್ವರಿನ ಅಂಕಿಗಳಿಗೆ ಕಾರಣವನ್ನು ಕನ್ನಡದಲ್ಲಿ ಬರೆದಿಡಲು ತೊಡಗುವರಾದರೆ, ಅಂತಹ ಕೈಪಿಡಿಗೆ ಬೇಕಾದ ಭಾಷೆಯು ಕೆಲಸದ ನಡುವೆಯೇ ಸಿದ್ಧವಾಗುವುದು.