ಕರಪತ್ರದ ಕೊನೆಯ ಸಾಲು

ಚುನಾವಣೆಯ ಕರಪತ್ರ ಕೈಗೆ ಬಂದರೆ ಅದರ ಬುಡದಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಿರುವ ಸಾಲನ್ನು ಓದಿ ನೋಡಿ. ಮುದ್ರಕರು ಯಾರು, ಪ್ರಕಾಶಕರು ಯಾರು, ವಿಳಾಸ ಏನು ಎಂದು ಅಲ್ಲಿರುತ್ತದೆ. ಅದನ್ನು ಬಿಟ್ಟರೆ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ಎ ಕಲಮಿನಡಿ ಆರು ತಿಂಗಳವರೆಗೆ ಜೈಲಾಗಬಹುದು.

ಈ ಸಾಲಿನ ಬೇರು ಇನ್ನೂ ಹಳೆಯದು. 1857ರ ದಂಗೆಯಾಗಿ ಹತ್ತು ವರ್ಷಕ್ಕೆ, 1867ರಲ್ಲಿ, ಅಚ್ಚಾದ ಪ್ರತಿ ಪುಸ್ತಕ, ಪತ್ರಿಕೆಯ ಮೇಲೂ ಮುದ್ರಕನ ಹೆಸರು ಮತ್ತು ಊರು ಇರಬೇಕೆಂದು ಬ್ರಿಟಿಷರು ಕಾನೂನು ಮಾಡಿದರು. ಯಾರು ಏನು ಅಚ್ಚು ಹಾಕುತ್ತಿದ್ದಾರೆಂದು ಅವರಿಗೆ ಗೊತ್ತಾಗಬೇಕಿತ್ತು. ಸ್ವತಂತ್ರ ಭಾರತದಲ್ಲಿ ಅದೇ ಸಾಲು ಮತದಾರನಿಗೆ ಉಪಯೋಗಕ್ಕೆ ಬಂತು. ಸುಳ್ಳು ಹೇಳಿದವನ ಮನೆಬಾಗಿಲು ಎಲ್ಲಿದೆಯೆಂದು ತಿಳಿಯುತ್ತಿತ್ತು. ಮಾತಿಗೊಬ್ಬ ವಾರಸುದಾರನಿದ್ದ.

ಮೊಬೈಲು ಆ ಸಾಲನ್ನು ಅಳಿಸಿತು. 2012ರ ಆಗಸ್ಟಿನಲ್ಲಿ, ಅಸ್ಸಾಮಿನ ಕೊಕ್ರಝಾರ್ ಗಲಭೆಯ ಬೆನ್ನಿಗೇ, ಬೆಂಗಳೂರಿನಲ್ಲಿರುವ ಈಶಾನ್ಯದವರ ಮೇಲೆ ದಾಳಿಯಾಗಲಿದೆ ಎಂಬ ಸಂದೇಶಗಳು ಹಬ್ಬಿದವು. ಸಾವಿರಾರು ಜನ ಗಂಟುಮೂಟೆ ಕಟ್ಟಿ ರೈಲು ನಿಲ್ದಾಣಕ್ಕೆ ಬಂದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಪರಊರಿನಲ್ಲಿ ದುಡಿಯುವವರ ಎದೆಯಲ್ಲಿ ಆ ಭಯ ಹೇಗೆ ಕೂತಿರಬಹುದೆಂದು ಮುಂಬಯಿ ಕನ್ನಡಿಗರಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕೇಂದ್ರ ಸರ್ಕಾರ ಸಗಟು ಎಸ್ಸೆಮ್ಮೆಸ್ ತಡೆದು ಐದರ ಮಿತಿ ಹಾಕಿತು.

ಅದೇ ವರ್ಷ ನವೆಂಬರಿನಲ್ಲಿ ಬಾಳ್ ಠಾಕ್ರೆ ತೀರಿಕೊಂಡರು. ಮುಂಬಯಿ ಬಾಗಿಲು ಹಾಕಿದ್ದನ್ನು ಪ್ರಶ್ನಿಸಿ ಪಾಲ್ಘರಿನ ಯುವತಿಯೊಬ್ಬಳು ಫೇಸ್‌ಬುಕ್ಕಿನಲ್ಲಿ ಬರೆದಳು. ಗೆಳತಿ ಲೈಕ್ ಒತ್ತಿದಳು. ಪೊಲೀಸರು ಇಬ್ಬರನ್ನೂ ಬಂಧಿಸಿದರು. ಮೂರು ತಿಂಗಳ ಅಂತರದ ಈ ಎರಡು ಘಟನೆಗಳನ್ನು ಒಟ್ಟಿಗಿಟ್ಟು ನೋಡಿ. ಊರನ್ನೇ ಖಾಲಿ ಮಾಡಿಸಿದ ಮಾತಿಗೆ ಹೆಸರಿರಲಿಲ್ಲ. ಹೆಸರಿಟ್ಟು ಸೌಮ್ಯವಾಗಿ ಕೇಳಿದವಳು ಠಾಣೆ ಹತ್ತಿದಳು.

ಆ ಬಂಧನಕ್ಕೆ ಬಳಸಿದ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಮಾಡಿತು. ಚರ್ಚೆ, ಪ್ರತಿಪಾದನೆ, ಪ್ರಚೋದನೆ ಮೂರೂ ಬೇರೆ ಬೇರೆ. ಮೊದಲೆರಡು ಎಷ್ಟೇ ಅಪ್ರಿಯವಾದರೂ ಪ್ರಜೆಯ ಹಕ್ಕು ಎಂದಿತು.

2018ರ ಬೇಸಿಗೆಯಿಂದ ಮಕ್ಕಳ ಕಳ್ಳರ ವದಂತಿ ಹಬ್ಬಿ ಹಲವೆಡೆ ಜನರನ್ನು ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವಕನೊಬ್ಬ ಸತ್ತ. ಅದಾದ ವಾರದಲ್ಲೇ ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡಿಗೆ ಮಿತಿ ತಂದಿತು. ಮತ್ತೆ ಅದೇ ಐದು! ಹರಡುವ ವೇಗ ತಗ್ಗಿರಬಹುದು. ಆದರೆ ‘ಫಾರ್ವರ್ಡೆಡ್’ ಎಂಬ ಚೀಟಿ ಮಾತು ಕಳಿಸಿದವನದಲ್ಲ ಎನ್ನುತ್ತದೆಯೇ ಹೊರತು ಯಾರದೆಂದು ಹೇಳುವುದಿಲ್ಲ. ನಮ್ಮ ಪ್ರಾಜೆಕ್ಟುಗಳಲ್ಲಿ ‘ಓನರ್’ ಕಾಲಂ ಖಾಲಿ ಬಿಟ್ಟ ಕೆಲಸದ ಗತಿ ಏನೆಂದು ನನಗೆ ಚೆನ್ನಾಗಿ ಗೊತ್ತು.

ಹಾಗೆಂದು ಎಲ್ಲ ಹೆಸರುಗಳನ್ನೂ ಸರ್ಕಾರದ ಕೈಗೆ ಕೊಡುವುದಕ್ಕೂ ನನಗೆ ಮನಸ್ಸಿಲ್ಲ. ಪಾಲ್ಘರಿನಲ್ಲಿ ಏನಾಯಿತೆಂದು ನೋಡಿದ್ದೇವೆ. ನನ್ನ ಮಟ್ಟಿಗೆ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಮನೆಯವರ ಗುಂಪಿಗೆ ಏನನ್ನಾದರೂ ದಾಟಿಸುವ ಮುನ್ನ ಅದರ ಕೆಳಗೆ ನನ್ನ ಹೆಸರು, ವಿಳಾಸ ಬರೆದು ನೋಡುತ್ತೇನೆ. ಅರ್ಧಕ್ಕರ್ಧ ಅಲ್ಲೇ ಅಳಿಸಿ ಹೋಗುತ್ತವೆ.