ಲವಣಗಳ ಸಾಕ್ಷ್ಯ

ಅಡಿಗೆಯ ಉಪ್ಪು, ಪಟಿಕ, ಬಿಳಿಗಾರ, ಪೆಟ್ಲುಪ್ಪು, ನವಸಾಗರ: ಇವೆಲ್ಲವೂ ಪುಡಿಮಾಡಿದ ಮೇಲೆ ಬಿಳಿಯವೇ. ಬಿಳಿಯ ಪಾಷಾಣವೂ ಬಿಳಿಯದೇ. ಕಣ್ಣು ಇವುಗಳನ್ನು ಬೇರ್ಪಡಿಸಲಾರದು. ನಾಲಗೆಗೆ ಕೆಲಮಟ್ಟಿಗೆ ಆ ಶಕ್ತಿಯುಂಟು. ಆದರೆ ಪಾಷಾಣಕ್ಕೆ ಹೇಳಿಕೊಳ್ಳುವಂತಹ ರುಚಿಯೇ ಇಲ್ಲ, ಮತ್ತು ಅಲ್ಲಿ ನಾಲಗೆಯನ್ನು ಸಾಕ್ಷಿಗೆ ಕರೆದವನು ತೀರ್ಪನ್ನು ಕೇಳಲು ಉಳಿಯುವುದಿಲ್ಲ. ಹಾಗಾದರೆ ಒಂದು ಪದಾರ್ಥವು ಇಂಥದೇ ಎಂದು ನಿಶ್ಚಯಿಸುವುದು ಹೇಗೆ? ಹೈಸ್ಕೂಲಿನ ಹುಡುಗರು ಗಾಜಿನ ನಳಿಗೆಗಳನ್ನು ಹಿಡಿದು ಮಾಡುವ ಲವಣಪರೀಕ್ಷೆಯು ಈ ಪ್ರಶ್ನೆಗೆ ಮನುಷ್ಯನು ಎರಡು ಸಾವಿರ ವರ್ಷ ಹುಡುಕಿದ ಉತ್ತರವಾಗಿದೆ.

ಈ ಕಥೆಯ ಮೊದಲ ಅಧ್ಯಾಯವನ್ನು ನಮ್ಮ ನೆಲದಲ್ಲಿಯೇ ಓದಬಹುದು. ಉತ್ತರ ಕನ್ನಡದ ಮುಂಡಗೋಡ ಸೀಮೆಯಲ್ಲಿ ಸನವಳ್ಳಿಯೆಂಬ ಗ್ರಾಮವಿದೆ. ಮುಂಡಗೋಡ, ಹಳಿಯಾಳ, ಸೂಪಾ ಪ್ರಾಂತದ ಕಾಡುಗಳಿಗೆ ಅಳಲೆಯ ಮರವು ಪರಿಚಿತವಾದದ್ದು. ಅಳಲೆಕಾಯಿಯನ್ನು ಜಜ್ಜಿ ನೀರಿನಲ್ಲಿ ಕುದಿಸಿ, ಆ ಕಷಾಯಕ್ಕೆ ಅನ್ನಭೇದಿಯನ್ನು ಹಾಕಿದರೆ ಕ್ಷಣಮಾತ್ರದಲ್ಲಿ ಕಪ್ಪು ಶಾಯಿ ಸಿದ್ಧವಾಗುವುದು. ಕಾಯಿಯ ಒಗರು ಕಬ್ಬಿಣದೊಡನೆ ಕೂಡುವುದೇ ಈ ಕಪ್ಪಿಗೆ ಕಾರಣ. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಪಂಡಿತ ಪ್ಲಿನಿಯು ಇದೇ ಸಂಗತಿಯನ್ನು ಪರೀಕ್ಷೆಯಾಗಿ ತಿರುಗಿಸಿದ ರೀತಿಯನ್ನು ಬರೆದಿಟ್ಟಿದ್ದಾನೆ. ಆಗಿನ ವರ್ತಕರು ತಾಮ್ರದ ಕಿಲುಬಿಗೆ ಅಗ್ಗದ ಅನ್ನಭೇದಿಯನ್ನು ಬೆರಸಿ ಮಾರುತ್ತಿದ್ದರು. ಮಾಚಿಕಾಯಿಯ ರಸದಲ್ಲಿ ನೆನೆಸಿದ ಕಾಗದದ ಮೇಲೆ ಆ ಸರಕನ್ನು ಇಟ್ಟರೆ, ಕಲಬೆರಕೆಯಿದ್ದಲ್ಲಿ ಕಾಗದವು ಕಪ್ಪಾಗುತ್ತಿತ್ತು. ಬರೆಹಕ್ಕೆ ಬಂದ ರಾಸಾಯನಿಕ ಪರೀಕ್ಷೆಗಳಲ್ಲಿ ಇದು ಅತ್ಯಂತ ಹಳೆಯವುಗಳಲ್ಲಿ ಒಂದು. ಅದು ಹುಟ್ಟಿದ್ದು ಪಂಡಿತರ ಕುತೂಹಲದಿಂದಲ್ಲ, ಸಂತೆಯ ಮೋಸದಿಂದ ಎಂಬುದನ್ನು ಗಮನಿಸಬೇಕು.

ಬೆಂಕಿಯ ಸಾಕ್ಷ್ಯವೂ ಹಳೆಯದೇ. ಆಚಾರ್ಯ ಪ್ರಫುಲ್ಲಚಂದ್ರ ರಾಯರು 1902ರಲ್ಲಿ ಪ್ರಕಟಿಸಿದ ಹಿಂದೂ ರಸಾಯನಶಾಸ್ತ್ರದ ಚರಿತ್ರೆಯಲ್ಲಿ 'ರಸಾರ್ಣವ'ವೆಂಬ ಸಂಸ್ಕೃತ ಗ್ರಂಥವನ್ನು ಲೋಕದ ಗಮನಕ್ಕೆ ತಂದರು. ತಾಮ್ರದಿಂದ ನೀಲಿಯ ಜ್ವಾಲೆ, ತವರದಿಂದ ಪಾರಿವಾಳದ ಬಣ್ಣದ ಜ್ವಾಲೆ ಎಂದು ಲೋಹಗಳನ್ನು ಉರಿಯಿಂದ ಗುರುತಿಸುವ ಕ್ರಮವು ಅದರಲ್ಲಿದೆ. ಇಂದಿನ ವಿದ್ಯಾರ್ಥಿಯು ಪ್ಲಾಟಿನಂ ತಂತಿಯ ತುದಿಯಲ್ಲಿ ಲವಣವನ್ನು ಉರಿಗೆ ಹಿಡಿದು, ಹಳದಿಯಾದರೆ ಸೋಡಿಯಂ, ನಸುನೇರಿಳೆಯಾದರೆ ಪೊಟಾಸಿಯಂ, ಇಟ್ಟಿಗೆಗೆಂಪಾದರೆ ಕ್ಯಾಲ್ಸಿಯಂ ಎನ್ನುವಾಗ ಆ ಹಳೆಯ ದಾರಿಯಲ್ಲಿಯೇ ನಡೆಯುತ್ತಾನೆ. ಬುನ್ಸೆನ್ ಮತ್ತು ಕಿರ್ಖಾಫ್ ಎಂಬ ಜರ್ಮನ್ ವಿದ್ವಾಂಸರಿಬ್ಬರು ಅದೇ ಉರಿಯನ್ನು ಗಾಜಿನ ಪಟ್ಟಕದ ಮೂಲಕ ನೋಡಿದಾಗ, 1860ರಲ್ಲಿ ಸೀಸಿಯಂ, 1861ರಲ್ಲಿ ರುಬಿಡಿಯಂ ಎಂಬ ಹೊಸ ಮೂಲವಸ್ತುಗಳೇ ದೊರಕಿದುವು.

ಆಮ್ಲ ಕ್ಷಾರಗಳ ಪರೀಕ್ಷೆಗೆ ನಮ್ಮ ಮನೆಗಳ ಆರತಿಯ ತಟ್ಟೆಯೇ ಸಾಕು. ಅರಿಸಿನದ ನೀರಿಗೆ ಸುಣ್ಣ ಬೆರಸಿದೊಡನೆ ಕೆಂಪಾಗುವುದನ್ನು ಕಾಣದ ಕನ್ನಡಿಗರಿಲ್ಲ. ಇಂಗ್ಲೆಂಡಿನಲ್ಲಿ ರಾಬರ್ಟ್ ಬಾಯ್ಲನು 1664ರಲ್ಲಿ ನೇರಿಳೆ ಹೂವಿನ ಪಾನಕವು ಆಮ್ಲದಲ್ಲಿ ಕೆಂಪಾಗಿಯೂ ಕ್ಷಾರದಲ್ಲಿ ಹಸುರಾಗಿಯೂ ತಿರುಗುವುದೆಂದು ತೋರಿಸಿದನು. ನಮ್ಮವರು ಆ ಕೆಂಪನ್ನು ಮಂಗಳಕಾರ್ಯಕ್ಕೆ ಬಳಸಿದರು. ಆತನು ಅದರಂತಹುದೇ ಬದಲಾವಣೆಯನ್ನು ಪದಾರ್ಥಗಳ ವಿಂಗಡಣೆಗೆ ಬಳಸಿದನು. ಕಂಡದ್ದು ಒಂದೇ ಬಗೆಯದು, ಕೇಳಿದ ಪ್ರಶ್ನೆ ಬೇರೆ. ಅನಿಲಗಳ ಸರದಿ ಬಂದದ್ದು ಆಮೇಲೆ. 1750ರ ದಶಕದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲಾಕನು, ಸುಣ್ಣದ ತಿಳಿನೀರನ್ನು ಹಾಲಿನಂತೆ ಕದಡಿಸುವ ಒಂದು ವಾಯುವುಂಟೆಂದೂ ಅದು ನಮ್ಮ ಉಸಿರಿನಲ್ಲಿಯೂ ಇದೆಯೆಂದೂ ತಿಳಿಸಿದನು. ಅದೇ ಇಂಗಾಲಾಮ್ಲ ವಾಯು.

ಪರೀಕ್ಷೆಯು ಮನುಷ್ಯನ ಪ್ರಾಣಕ್ಕೂ ಮಾನಕ್ಕೂ ಸಂಬಂಧಿಸಿದುದೆಂದು ಜನಕ್ಕೆ ಸ್ಪಷ್ಟವಾದದ್ದು ನ್ಯಾಯಾಲಯದಲ್ಲಿ. 1830ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಜಾನ್ ಬೋಡ್ಲ್ ಎಂಬವನು ತನ್ನ ಅಜ್ಜನ ಕಾಫಿಯಲ್ಲಿ ಪಾಷಾಣವಿಟ್ಟನೆಂಬ ಆರೋಪಕ್ಕೆ ಒಳಗಾದನು. ರಸಾಯನಜ್ಞ ಜೇಮ್ಸ್ ಮಾರ್ಷನು ಹೈಡ್ರೊಜನ್ ಸಲ್ಫೈಡ್ ಅನಿಲವನ್ನು ಹಾಯಿಸಿ ಹಳದಿಯ ಗಷ್ಟನ್ನು ಪಡೆದಿದ್ದನು; ಆದರೆ ಜ್ಯೂರಿಯವರ ಮುಂದೆ ಇಡುವ ಹೊತ್ತಿಗೆ ಅದು ಕೆಟ್ಟುಹೋಗಿತ್ತು. ಆಪಾದಿತನು ಬಿಡುಗಡೆ ಹೊಂದಿ, ಮುಂದೆ ತಪ್ಪನ್ನು ಒಪ್ಪಿಕೊಂಡನು. ಮಾರ್ಷನು ಸುಮ್ಮನಿರಲಿಲ್ಲ. ಸತುವನ್ನೂ ಆಮ್ಲವನ್ನೂ ಸೇರಿಸಿ, ಹೊರಡುವ ಅನಿಲವನ್ನು ಹೊತ್ತಿಸಿ ಆ ಉರಿಗೆ ತಣ್ಣನೆಯ ಗಾಜನ್ನು ಹಿಡಿದರೆ, ಪಾಷಾಣದ ಅಂಶವು ಗಾಜಿನ ಮೇಲೆ ಹೊಳೆಯುವ ಕನ್ನಡಿಯಂತೆ ಕೂಡುವುದೆಂದು 1836ರಲ್ಲಿ ಪ್ರಕಟಿಸಿದನು. ಈ ಕನ್ನಡಿಯನ್ನು ನ್ಯಾಯಾಧೀಶರ ಕೈಗೆ ಕೊಡಬಹುದಾಗಿತ್ತು.

ಆದರೆ ಇಲ್ಲಿಯೇ ಒಂದು ದೊಡ್ಡ ಅಪಾಯವೂ ಅಡಗಿತ್ತು. ಅಂಗಡಿಯ ಸತುವಿನಲ್ಲಿಯೇ ಪಾಷಾಣದ ಲೇಶವಿರಬಹುದು. ಆಗ ನಿರಪರಾಧಿಯ ಮನೆಯ ನೀರೂ ಕನ್ನಡಿಯನ್ನು ಕಟ್ಟುವುದು. ಆಂಟಿಮನಿಯೂ ಅಂತಹುದೇ ಕನ್ನಡಿಯನ್ನು ಕೊಡುವುದು. ಆದಕಾರಣ ಎರಡು ನಿಯಮಗಳು ಏರ್ಪಟ್ಟುವು. ಸಂಶಯದ ಪದಾರ್ಥವನ್ನು ಹಾಕದೆ ಮೊದಲು ಬರಿಯ ಉಪಕರಣವನ್ನೇ ಪರೀಕ್ಷಿಸಬೇಕು. ಬಳಿಕ ದೊರೆತ ಕನ್ನಡಿಯನ್ನು ಎರಡನೆಯ ಪರೀಕ್ಷೆಗೆ ಒಡ್ಡಬೇಕು: ಸೋಡಿಯಂ ಹೈಪೊಕ್ಲೋರೈಟಿನಲ್ಲಿ ಪಾಷಾಣದ ಕನ್ನಡಿ ಕರಗುವುದು, ಆಂಟಿಮನಿಯದು ಕರಗದು. ಬೊಂಬಾಯಿ ಸರ್ಕಾರವೂ ವಿಷಪ್ರಕರಣಗಳ ವಿಚಾರಣೆಗಾಗಿ ರಾಸಾಯನಿಕ ಪರೀಕ್ಷಕನೆಂಬ ಅಧಿಕಾರಿಯನ್ನು ಇಟ್ಟುಕೊಂಡಿತ್ತು. 1862ರಿಂದ ಉತ್ತರ ಕನ್ನಡವು ಆ ಪ್ರಾಂತಕ್ಕೆ ಸೇರಿದ್ದಿತಾದುದರಿಂದ ಈ ವಿದ್ಯೆಯು ನಮ್ಮ ಜನರ ಬಾಳಿಗೂ ಸೋಕಿತು.

ಚದರಿದ್ದ ಪರೀಕ್ಷೆಗಳನ್ನು ಒಂದು ಕ್ರಮಕ್ಕೆ ತಂದವನು ಫ್ರೆಸೀನಿಯಸ್. 1841ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಅವನು ಬರೆದ ಕೈಪಿಡಿಯು ಲೋಕದ ಪ್ರಯೋಗಶಾಲೆಗಳಿಗೆಲ್ಲ ದಾರಿಯಾಯಿತು. ಅದರಿಂದ ಬೆಳೆದುಬಂದ ಕ್ರಮವು ಸರಳವಾದದ್ದು. ದ್ರಾವಣಕ್ಕೆ ಮೊದಲು ಹೈಡ್ರೊಕ್ಲೋರಿಕ್ ಆಮ್ಲವನ್ನು ಹಾಕಿ ಬೆಳ್ಳಿ ಸೀಸಗಳನ್ನು ತಳಕ್ಕಿಳಿಸುವುದು; ಸೋಸಿದ ನೀರಿನಲ್ಲಿ ಹೈಡ್ರೊಜನ್ ಸಲ್ಫೈಡನ್ನು ಹಾಯಿಸಿ ತಾಮ್ರ, ಪಾಷಾಣಾದಿಗಳನ್ನು ಹಿಡಿಯುವುದು; ಅನಂತರ ಅಮೋನಿಯಾದಿಂದ ಕಬ್ಬಿಣದ ಗುಂಪು; ಹೀಗೆ ಒಂದರ ಹಿಂದೊಂದು ಜರಡಿ. ಸೂಪಾದ ಗಣಿಗಳಿಂದ ಬಂದ ಮ್ಯಾಂಗನೀಸೂ ಈ ಜರಡಿಗಳಲ್ಲಿ ಒಂದರಲ್ಲಿ ಸಿಕ್ಕುವುದು. ಬಿಳಿಗಾರದ ಮಣಿಗೆ ಅದು ನೇರಿಳೆಯ ಬಣ್ಣವನ್ನು ಕೊಡುವುದರಿಂದ ಗುರುತು ಇನ್ನೂ ಸುಲಭ.

ಈ ಕ್ರಮವು ಏಕೆ ಫಲಿಸುವುದೆಂಬುದಕ್ಕೆ ಸ್ವೀಡನ್ನಿನ ಅರೇನಿಯಸನು 1880ರ ದಶಕದಲ್ಲಿ ಕಾರಣ ಕೊಟ್ಟನು. ಲವಣವು ನೀರಿನಲ್ಲಿ ವಿದ್ಯುದಂಶವುಳ್ಳ ಅಯಾನುಗಳಾಗಿ ಒಡೆಯುವುದು. ನಾವು ಪರೀಕ್ಷಿಸುವುದು ಲವಣವನ್ನಲ್ಲ, ಬೇರೆಬೇರೆಯಾದ ಈ ಅಯಾನುಗಳನ್ನು. ಆದುದರಿಂದಲೇ ಸಿಲ್ವರ್ ನೈಟ್ರೇಟನ್ನು ಹಾಕಿದಾಗ ಅಡಿಗೆಯ ಉಪ್ಪೂ ನವಸಾಗರವೂ ಒಂದೇ ಬಗೆಯ ಮೊಸರಿನಂತಹ ಬಿಳಿಯ ಗಷ್ಟನ್ನು ಕೊಡುವುವು. ಸುಣ್ಣದೊಡನೆ ತಿಕ್ಕಿದಾಗ ಮೂಗಿಗೆ ಬಡಿಯುವ ಘಾಟು ಹೊರಟರೆ ಅದು ನವಸಾಗರ, ಇಲ್ಲದಿದ್ದರೆ ಅಲ್ಲ. ಒಂದು ಸಾಕ್ಷಿಯಿಂದ ಅರ್ಧ ಹೆಸರು ಮಾತ್ರ ತಿಳಿಯುವುದು. ಇನ್ನರ್ಧಕ್ಕೆ ಮತ್ತೊಂದು ಸಾಕ್ಷಿ ಬೇಕು.

ಈ ವಿದ್ಯೆಯು ನಮ್ಮಲ್ಲಿ ಬಹುಕಾಲ ಇಂಗ್ಲಿಷ್ ಬಲ್ಲವರ ಸೊತ್ತಾಗಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿ 'ವಿಜ್ಞಾನ'ವೆಂಬ ಕನ್ನಡ ಮಾಸಪತ್ರಿಕೆಯನ್ನು ಆರಂಭಿಸಿ ಆ ಬೇಲಿಯನ್ನು ಸಡಿಲಿಸಲು ಯತ್ನಿಸಿದರು. ಪತ್ರಿಕೆಯು ಬಹುಕಾಲ ಬಾಳಲಿಲ್ಲ. ಆದರೆ ಶಾಸ್ತ್ರವನ್ನು ಕನ್ನಡದಲ್ಲಿ ಹೇಳಬಹುದೆಂಬುದನ್ನು ಅದು ಸ್ಥಾಪಿಸಿತು. ಅನ್ನಭೇದಿ, ಮೈಲುತುತ್ತ, ಪೆಟ್ಲುಪ್ಪು ಎಂಬ ಹೆಸರುಗಳು ನಮ್ಮ ಹೆಂಗಸರಿಗೂ ಕಮ್ಮಾರರಿಗೂ ಗೊತ್ತಿದ್ದುವು. ಗೊತ್ತಿಲ್ಲದಿದ್ದದ್ದು ಪರೀಕ್ಷಿಸುವ ಕ್ರಮ ಮಾತ್ರ.

ಇಂದು ದೊಡ್ಡ ಪ್ರಯೋಗಶಾಲೆಗಳಲ್ಲಿ ಯಂತ್ರಗಳೇ ಈ ಕೆಲಸವನ್ನು ಮಾಡುತ್ತವೆ. ಅವು ಕಾಣುವ ಸೂಕ್ಷ್ಮವನ್ನು ನಳಿಗೆಯು ಕಾಣಲಾರದು. ಆದರೂ ಉಪ್ಪಿನಲ್ಲಿ ಅಯೊಡಿನ್ ಇದೆಯೇ ಎಂಬುದನ್ನು ಗಂಜಿಯ ಅಂಶವುಳ್ಳ ಒಂದು ಹನಿ ಪರೀಕ್ಷಾದ್ರವವು ನೀಲಿಯಾಗಿ ತಿರುಗಿಸಿ ಹೇಳಬಲ್ಲದು. ಅದನ್ನು ಸನವಳ್ಳಿಯ ಶಾಲೆಯ ಹುಡುಗಿಯೂ ಮಾಡಬಲ್ಲಳು. ಮಾರುವವನ ಮಾತನ್ನಾಗಲಿ ಅಧಿಕಾರಿಯ ಮೊಹರನ್ನಾಗಲಿ ಹಾಗೆಯೇ ನಂಬದೆ, ಬರಿಯ ನೀರನ್ನು ಮೊದಲು ಪರೀಕ್ಷಿಸಿ, ಎರಡನೆಯ ಸಾಕ್ಷಿಯನ್ನು ಕೇಳಿ, ಬಳಿಕ ತೀರ್ಮಾನಕ್ಕೆ ಬರುವ ಅಭ್ಯಾಸವನ್ನು ಆಕೆಯು ಅಲ್ಲಿ ಕಲಿಯುತ್ತಾಳೆ. ಲವಣಗಳ ಹೆಸರುಗಳನ್ನು ಪರೀಕ್ಷೆಯ ಮರುದಿನವೇ ಮರೆತರೂ ಚಿಂತೆಯಿಲ್ಲ. ಆ ಅಭ್ಯಾಸವನ್ನು ಮಾತ್ರ ಉಳಿಸಿಕೊಳ್ಳತಕ್ಕದ್ದು.