ಮನೆತನದ ಬೇರು ಹುಡುಕುವ ದಾರಿಗಳು

ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಚರಿತ್ರೆಯ ಮೇಲೊಂದು ಲೇಖನ ಬರೆಯಿರಿ ಅಂತ ಸಂಪಾದಕ ಮಂಡಳಿಯವರು ಕೇಳಿದರು. ರಾಜಮಹಾರಾಜರ ಚರಿತ್ರೆ ಬರೆಯುವಷ್ಟು ಓದಿದವನು ನಾನಲ್ಲ. ಆದರೆ ಪ್ರತಿಯೊಂದು ಮನೆಗೂ ಒಂದು ಚರಿತ್ರೆ ಇರುತ್ತದೆ. ಅದನ್ನು ಹುಡುಕುವ ದಾರಿಗಳು ಯಾವುವು, ಯಾವ ದಾರಿ ಎಲ್ಲಿಯ ತನಕ ಹೋಗುತ್ತದೆ ಎಂಬುದನ್ನು ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇನೆ.

"ನಿಮ್ಮ ಮುತ್ತಜ್ಜನ ಹೆಸರೇನು?" ಎಂದು ಕೇಳಿದರೆ ನಮ್ಮಲ್ಲಿ ಬಹಳ ಮಂದಿ ಹೇಳುತ್ತಾರೆ. "ಮುತ್ತಜ್ಜಿಯ ಹೆಸರೇನು, ಆಕೆಯ ತವರೂರು ಯಾವುದು?" ಅಂದರೆ ಸುಮ್ಮನಾಗುತ್ತಾರೆ. ಈ ಎರಡನೇ ಪ್ರಶ್ನೆ ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕೆಂದು ವಿನಂತಿ.

ಹೆಳವರ ಹೊತ್ತಿಗೆ

ನಮ್ಮ ಉತ್ತರ ಕರ್ನಾಟಕದ ಕಡೆ ವಂಶದ ಲೆಕ್ಕ ಇಟ್ಟವರು ಹೆಳವರು. ಕೆಲವು ವರ್ಷಕ್ಕೊಮ್ಮೆ ಊರಿಗೆ ಬಂದು, ತಮ್ಮ ಪಾಲಿನ ಒಕ್ಕಲು ಮನೆಗಳ ಮುಂದೆ ನಿಂತು, ಮೂಲಪುರುಷ ಯಾರು, ಯಾವ ಊರಿಂದ ಬಂದ, ಅವನಿಗೆ ಎಷ್ಟು ಮಕ್ಕಳು, ಯಾರು ಯಾವ ಊರಿಗೆ ಹೋಗಿ ನೆಲೆಸಿದರು ಎಂದು ಹೇಳುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಳ್ಳುತ್ತಾರೆ. ಮನೆಯವರು ಕಾಳುಕಡಿ, ದುಡ್ಡು, ಅನುಕೂಲ ಇದ್ದವರು ದನಕರು ಸಹ ಕೊಡುತ್ತಾರೆ. ಹಿಂದಿನವರು ತಾಮ್ರಪಟ, ತಾಳೆಗರಿ ಇಟ್ಟುಕೊಂಡಿದ್ದರು. ಆಮೇಲೆ ಕಾಗದದ ದಪ್ಪ ಹೊತ್ತಿಗೆಗಳು ಬಂದವು. ಸರಕಾರ ಸಂಬಳ ಕೊಡದಿದ್ದರೂ ನಡೆದುಬಂದ ದೊಡ್ಡ ದಫ್ತರ ಇದು.

ಇಂದು ಹೆಳವರ ಮಕ್ಕಳು ಶಾಲೆ ಕಲಿತು ಬೇರೆ ಉದ್ಯೋಗ ಹಿಡಿದಿದ್ದಾರೆ. ಅದು ಒಳ್ಳೆಯದೇ. ಆದರೆ ಓದುವವರಿಲ್ಲದ ಹೊತ್ತಿಗೆಗೆ ಗೆದ್ದಲೇ ವಾರಸುದಾರ ಆಗುತ್ತದೆ. ಇನ್ನೊಂದು ಮಾತು: ಈ ಹೊತ್ತಿಗೆಗಳಲ್ಲಿ ಇರುವುದು ಹೆಚ್ಚಾಗಿ ಗಂಡಸರ ಸಾಲು. ಮಗ, ಮಗನ ಮಗ, ಅವನ ಮಗ. ಹೊರಗಿನಿಂದ ಬಂದ ಸೊಸೆ, ಹೊರಗೆ ಹೋದ ಮಗಳು ಅದರಲ್ಲಿ ಸಿಗುವುದು ಕಡಿಮೆ.

ಸರಕಾರಿ ಕಾಗದ

ಎರಡನೇ ದಾರಿ ತಾಲೂಕು ಕಚೇರಿಯದು. ನಮ್ಮ ಭಾಗ ಆಗ ಮುಂಬಯಿ ಇಲಾಖೆಯಲ್ಲಿತ್ತು. ಅಲ್ಲಿ 1903ರ ಕಾಯಿದೆಯಿಂದ ಹಕ್ಕುಪತ್ರದ ದಾಖಲೆ ಶುರುವಾಯಿತು. ಉತಾರ, ಫೇರಫಾರು, ವಾರಸಾ ನೋಂದಣಿ ಇವುಗಳನ್ನು ಒಂದರ ಹಿಂದೆ ಒಂದು ತೆಗೆಸುತ್ತಾ ಹೋದರೆ ನಾಲ್ಕೈದು ತಲೆಮಾರಿನ ಹೆಸರು ಸಿಗುತ್ತವೆ. ಅದಕ್ಕೂ ಹಳೆಯ ಕಾಗದ ಹಲವು ಕಡೆ ಮೋಡಿ ಲಿಪಿಯಲ್ಲಿದೆ, ಓದಬಲ್ಲವರು ಬೆರಳೆಣಿಕೆಯಷ್ಟು. ಶಾಲೆಯ ದಾಖಲಾತಿ ರಿಜಿಸ್ಟರು, ಹುಟ್ಟು-ಸಾವಿನ ನೋಂದಣಿ, ಊರ ಮುಂದಿನ ವೀರಗಲ್ಲು ಇವೂ ದಾಖಲೆಗಳೇ. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಮೊದಲ ಕೃಷಿ ಪತ್ತಿನ ಸಂಘದಿಂದ ಹಿಡಿದು ನಮ್ಮ ಸಂಘದವರೆಗೆ, ಸದಸ್ಯರ ರಿಜಿಸ್ಟರು ಸಹ ಊರ ಚರಿತ್ರೆಯ ಪುಸ್ತಕವೇ ಸರಿ.

ರಕ್ತ ಹೇಳುವ ಮಾತು

ಮೂರನೇ ದಾರಿ ಹೊಸದು, ಡಿ.ಎನ್.ಎ. ಪರೀಕ್ಷೆ. ಸ್ವಲ್ಪ ಉಗುಳು ಕೊಟ್ಟರೆ ಸಾಕು, ನಿಮ್ಮ ಪೂರ್ವಜರು ಯಾವ ಸೀಮೆಯವರು ಎಂದು ಹೇಳುತ್ತೇವೆ ಎನ್ನುವ ಕಂಪನಿಗಳು ಈಗ ಇವೆ. ಇದರ ಒಳಗುಟ್ಟು ತಿಳಿದುಕೊಳ್ಳುವುದು ಕಷ್ಟವಲ್ಲ.

ನಮ್ಮ ಡಿ.ಎನ್.ಎ.ಯಲ್ಲಿ ಹೆಚ್ಚಿನ ಪಾಲು ಅರ್ಧ ತಂದೆಯದು, ಅರ್ಧ ತಾಯಿಯದು. ಹೊಲ ಹಿಸ್ಸೆಯಾದ ಹಾಗೆ ತಲೆಮಾರಿಗೊಮ್ಮೆ ಅರ್ಧವಾಗುತ್ತಾ ಹೋಗುತ್ತದೆ. ಹಿಸ್ಸೆಯಾಗದೆ ಇಡಿಯಾಗಿ ಬರುವವು ಎರಡು. ವೈ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರ ಬರುತ್ತದೆ. ಮೈಟೋಕಾಂಡ್ರಿಯಾ ಎಂಬುದರಲ್ಲಿರುವ ಡಿ.ಎನ್.ಎ. ತಾಯಿಯಿಂದ ಎಲ್ಲ ಮಕ್ಕಳಿಗೂ ಬರುತ್ತದೆ. ಮುಂದಕ್ಕೆ ಒಯ್ಯುವವಳು ಮಗಳು ಮಾತ್ರ. ಅಂದರೆ ನಮ್ಮ ವಂಶಾವಳಿಯಲ್ಲಿ ಹೆಸರಿಲ್ಲದ ಮುತ್ತಜ್ಜಿಯರ ಸಾಲು ನಮ್ಮೆಲ್ಲರ ಮೈಯಲ್ಲಿ ಬರೆದಿಟ್ಟ ಹಾಗೇ ಇದೆ.

ಇದಕ್ಕೆ ಇಂಗ್ಲೆಂಡಿನ ಒಂದು ಪ್ರಸಂಗ ಹೇಳಬೇಕು. ಮೂರನೇ ರಿಚರ್ಡ್ ಎಂಬ ಅಲ್ಲಿಯ ರಾಜ 1485ರಲ್ಲಿ ಯುದ್ಧದಲ್ಲಿ ಸತ್ತ. 2012ರಲ್ಲಿ ಲೆಸ್ಟರ್ ಪಟ್ಟಣದಲ್ಲಿ ವಾಹನ ನಿಲ್ಲಿಸುವ ಜಾಗ ಅಗೆದಾಗ ಒಂದು ಅಸ್ಥಿಪಂಜರ ಸಿಕ್ಕಿತು. ರಾಜನಿಗೆ ಈಗ ಸಂತಾನವಿಲ್ಲ. ಆದ್ದರಿಂದ ಅವನ ಅಕ್ಕ ಆನ್ ಎಂಬಾಕೆಯ ಮಗಳು, ಮಗಳ ಮಗಳು ಹೀಗೆ ಹಳೆಯ ಕಾಗದ ಹಿಡಿದು ಹುಡುಕುತ್ತಾ ಬಂದರು. ಸುಮಾರು 17 ತಲೆಮಾರು ದಾಟಿ ಸಿಕ್ಕವನು ಲಂಡನ್ನಿನಲ್ಲಿ ಪೀಠೋಪಕರಣ ಮಾಡುವ ಒಬ್ಬ ಬಡಗಿ. ಅವನ ಮೈಟೋಕಾಂಡ್ರಿಯಾ ಎಲುಬಿನದಕ್ಕೆ ತಾಳೆಯಾಯಿತು.

ಇನ್ನು ಗಂಡಸರ ಸಾಲು ನೋಡಿರಿ. ರಾಜಮನೆತನದ ವಂಶವೃಕ್ಷದ ಪ್ರಕಾರ ಅದೇ ಕುಲದ ಗಂಡು ಸಂತಾನ ಎನಿಸಿಕೊಂಡ ಐವರ ವೈ ವರ್ಣತಂತು ಪರೀಕ್ಷಿಸಿದರೆ ಒಬ್ಬನದೂ ರಾಜನಿಗೆ ಹೊಂದಲಿಲ್ಲ. ನಡುವೆ ಎಲ್ಲೋ ಸಾಲು ತಪ್ಪಿತ್ತು. 2014ರಲ್ಲಿ ವಿಜ್ಞಾನಿಗಳು ಇದನ್ನು ಪ್ರಕಟಿಸಿದರು. ಎಷ್ಟೊಂದು ಜತನದಿಂದ ಬರೆದಿಟ್ಟ ಅಪ್ಪ-ಮಗನ ಸಾಲು ಕೈಕೊಟ್ಟಿತು; ಹೆಣ್ಣುಮಕ್ಕಳ ಸಾಲು ಗಟ್ಟಿಯಾಗಿ ನಿಂತಿತು. ಅಲ್ಲಿ ಹೆಣ್ಣುಮಕ್ಕಳ ಹೆಸರನ್ನೂ ಬರೆದಿಟ್ಟಿದ್ದರಿಂದಲೇ ಇದು ಸಾಧ್ಯವಾಯಿತು.

ನಮ್ಮ ಸಿದ್ದಿ ಬಾಂಧವರು

ನಮ್ಮ ನೆರೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಜನರನ್ನು ನಾವೆಲ್ಲ ಬಲ್ಲೆವು. ಇವರ ಹಿರಿಯರನ್ನು ಪೋರ್ಚುಗೀಸರು, ಅರಬರು ಆಫ್ರಿಕದಿಂದ ಗುಲಾಮರನ್ನಾಗಿ ತಂದರು. ಗೋವೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಅನೇಕರು. ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯ ವಿಜ್ಞಾನಿಗಳು ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ಡಿ.ಎನ್.ಎ. ಪರೀಕ್ಷಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ಹೆಚ್ಚಿನ ಪಾಲು ಆಫ್ರಿಕದ ಬಂಟು ಭಾಷಿಕರ ಮೂಲದ್ದು, ಜೊತೆಗೆ ಭಾರತೀಯರದು, ಅಷ್ಟಿಷ್ಟು ಯುರೋಪಿನವರದೂ ಇರಬಹುದು, ಈ ಬೆರಕೆ ಆದದ್ದು ಸುಮಾರು 200 ವರ್ಷದ ಹಿಂದೆ ಎಂದು ಕಂಡುಬಂತು.

ಆದರೆ ಒಬ್ಬ ಸಿದ್ದಿ ತಾಯಿ "ನನ್ನ ಮುತ್ತಜ್ಜಿಯ ಅಜ್ಜಿ ಯಾವ ಊರವಳು, ಹೆಸರೇನು?" ಎಂದು ಕೇಳಿದರೆ ಪರೀಕ್ಷೆಗೆ ಉತ್ತರ ಗೊತ್ತಿಲ್ಲ. ಖಂಡ ಗೊತ್ತಾಯಿತು, ಊರು ಗೊತ್ತಾಗಲಿಲ್ಲ. ಕೊಂಡು ಮಾರಿದವರು ಅವರ ಮನೆತನ ಬರೆದಿಡಲಿಲ್ಲ. ಕಾಗದವಿಲ್ಲದಿದ್ದರೆ ರಕ್ತ ಅರ್ಧ ಮಾತು ಮಾತ್ರ ಹೇಳುತ್ತದೆ ಎಂಬುದಕ್ಕೆ ಇದಕ್ಕಿಂತ ದುಃಖದ ಉದಾಹರಣೆ ಬೇಡ.

ಎಚ್ಚರಿಕೆಯ ಮಾತು

ದುಡ್ಡು ಕೊಟ್ಟು ಪರೀಕ್ಷೆ ಮಾಡಿಸುವವರು ತಿಳಿದಿರಲಿ, ಅವರು ಕೊಡುವ ಶೇಕಡಾ ಲೆಕ್ಕ ಒಂದು ಅಂದಾಜು. ಜಾತಿ-ಗೋತ್ರ ಅದರಲ್ಲಿ ಬರೆದಿರುವುದಿಲ್ಲ. ಕೊಟ್ಟ ಮಾಹಿತಿ ನಮ್ಮೊಬ್ಬರದಲ್ಲ, ಅಣ್ಣತಮ್ಮ, ಮಕ್ಕಳದೂ ಹೌದು. ಅಮೆರಿಕದ ಇಂಥ ಒಂದು ದೊಡ್ಡ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಕಳುವಾಯಿತು. 2025ರಲ್ಲಿ ಆ ಕಂಪನಿ ದಿವಾಳಿ ಅರ್ಜಿಯನ್ನೂ ಹಾಕಿತು.

ನಾವು ಮಾಡಬೇಕಾದದ್ದು

ತಲಾಠಿ ವಾರಸಾಕ್ಕೆ ಕೇಳುವುದು ವಂಶಾವಳಿ. ಅಜ್ಜ ತೀರಿಕೊಂಡು ಎಷ್ಟೋ ವರ್ಷವಾದರೂ ಉತಾರ ಅವನ ಹೆಸರಿನಲ್ಲೇ ಇದ್ದು, ಮೊಮ್ಮಗ ಬೆಳೆಸಾಲಕ್ಕೆ ಬಂದು ಬರಿಗೈಲಿ ಹೋಗುವುದನ್ನು ಆಡಳಿತ ಮಂಡಳಿಯಲ್ಲಿ ಕೂತವರೆಲ್ಲ ಕಂಡಿದ್ದೇವೆ. ಅಕ್ಕತಂಗಿಯರ ಹೆಸರು ಬಿಟ್ಟು ವಂಶಾವಳಿ ಬರೆಸಿ, ಆಮೇಲೆ ಕೋರ್ಟಿನ ಮೆಟ್ಟಿಲು ಹತ್ತಿದ ಮನೆಗಳೂ ಇವೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು 2005ರ ತಿದ್ದುಪಡಿ ಹೇಳಿತು. ತಂದೆ ಅದಕ್ಕೂ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ಹೋಗದು ಎಂದು 2020ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಹೆಣ್ಣುಮಕ್ಕಳ ಹೆಸರು ಬಿಟ್ಟ ವಂಶಾವಳಿ ಚರಿತ್ರೆಗೂ ಸುಳ್ಳು, ಕಾಯಿದೆಗೂ ಸುಳ್ಳು.

ಲೆಕ್ಕ ಹಾಕಿ ನೋಡಿರಿ. ತಂದೆ-ತಾಯಿ 2, ಅಜ್ಜ-ಅಜ್ಜಿ 4, ಅವರ ತಂದೆ-ತಾಯಿ 8. ಹತ್ತನೇ ತಲೆಮಾರಿಗೆ ಲೆಕ್ಕದ ಪ್ರಕಾರ 1024 ಮಂದಿ. ಮನೆತನದ ಹೆಸರು ತಂದವನು ಅವರಲ್ಲಿ ಒಬ್ಬನೇ. ಉಳಿದವರನ್ನು ಬಿಟ್ಟು ನಾವು "ನಮ್ಮ ವಂಶ" ಅನ್ನುವುದು ಯಾವ ನ್ಯಾಯ?

ಆದ್ದರಿಂದ ನನ್ನ ವಿನಂತಿ ಇಷ್ಟೇ. ಮನೆಯ ಹಿರಿಯರು ಇರುವಾಗಲೇ ಒಂದು ನೋಟುಬುಕ್ಕು ತೆಗೆದುಕೊಂಡು ಕೂತು ಬರೆಯಿರಿ. ಅಜ್ಜನ ಹೆಸರಿನ ಪಕ್ಕ ಅಜ್ಜಿಯ ಹೆಸರು, ಆಕೆಯ ತವರೂರು, ಆಕೆಯ ತಾಯಿಯ ಹೆಸರು. ಕೊಟ್ಟ ಹೆಣ್ಣುಮಕ್ಕಳು ಯಾವ ಊರಲ್ಲಿದ್ದಾರೆ ಎಂಬುದು. ಹೆಳವರು ಬಂದರೆ ಬಾಗಿಲಿಂದಲೇ ಕಳಿಸದೆ, ಅವರ ಹೊತ್ತಿಗೆಯ ನಿಮ್ಮ ಮನೆಯ ಹಾಳೆಯ ಫೋಟೋ ತೆಗೆದುಕೊಳ್ಳಿರಿ. ಪೆಟ್ಟಿಗೆಯಲ್ಲಿರುವ ಮೋಡಿ ಕಾಗದ ಒಲೆಗೆ ಹಾಕಬೇಡಿರಿ. ಇದಕ್ಕೆ ಖರ್ಚು ಏನೂ ಇಲ್ಲ, ಒಂದೆರಡು ಸಂಜೆ ಸಾಕು.

ಸಂಘದ ಮುಂದಿನ 25 ವರ್ಷಕ್ಕೆ ಶುಭ ಕೋರುತ್ತಾ, ಸುವರ್ಣ ಮಹೋತ್ಸವದ ಹೊತ್ತಿಗೆ ಮುತ್ತಜ್ಜಿಯ ಹೆಸರು ಕೇಳಿದರೆ ನಮ್ಮೂರ ಮಕ್ಕಳು ಥಟ್ಟನೆ ಹೇಳುವಂತಾಗಲಿ ಎಂದು ಹಾರೈಸುತ್ತೇನೆ.